ಗಜನಿಯಲ್ಲಿ ಒಂಟಿ ಬಿತ್ತನೆ

ಮೂವತ್ತೊಂದು ವರ್ಷ ನಾನು ಹೈಸ್ಕೂಲಿನಲ್ಲಿ ಸೈನ್ಸ್ ಕಲಿಸಿದೆ. ಪರಿಸರದ ಪಾಠ ಯಾವಾಗಲೂ ಪುಸ್ತಕದ ಕೊನೆಗೆ ಬರುತ್ತಿತ್ತು. ಪರೀಕ್ಷೆಯ ಬಿಸಿ ಏರಿದ ಮೇಲೆ, ಫೆಬ್ರವರಿಯಲ್ಲಿ, ಎರಡು ಪೀರಿಯಡ್ಡಿನಲ್ಲಿ ಮುಗಿಸಿ ಕೈತೊಳೆದುಕೊಳ್ಳುವ ಪಾಠ ಅದು. ಬೋರ್ಡಿನ ಮೇಲೆ ಹುಲ್ಲು, ಮಿಡತೆ, ಕಪ್ಪೆ, ಹಾವು, ಗರುಡ ಎಂದು ಬರೆದು ನಡುವೆ ಬಾಣ ಎಳೆಯುತ್ತಿದ್ದೆ. ಮಕ್ಕಳು ಪ್ರತಿವರ್ಷ ಒಂದೇ ತಪ್ಪು ಮಾಡುತ್ತಿದ್ದರು: ಬಾಣವನ್ನು ತಿರುಗಾಮುರುಗಾ ಹಾಕುತ್ತಿದ್ದರು. ಕಪ್ಪೆ ತಾನೇ ಮಿಡತೆಯ ಮೇಲೆ ಹಾರುವುದು, ಹಾಗಾದರೆ ಬಾಣ ಕಪ್ಪೆಯಿಂದ ಮಿಡತೆಗೆ ಹೋಗಬೇಕಲ್ಲ ಎಂಬುದು ಅವರ ಲಾಜಿಕ್. “ತಿನ್ನುವವರ ಕಡೆಗೆ ಬಾಣ, ಚಿಲ್ಡ್ರನ್. ಎನರ್ಜಿ ಹೋಗುವ ದಿಕ್ಕು ಅದು,” ಎಂದು ಹೇಳಿ ಅರ್ಧ ಮಾರ್ಕು ಕಳೆಯುತ್ತಿದ್ದೆ. ಆ ಅರ್ಧ ಮಾರ್ಕಿಗಾಗಿ ಅತ್ತ ಮಕ್ಕಳೂ ಇದ್ದಾರೆ.

ಹೋದ ವರ್ಷ ನಾನು ಮಾಡಿದ ತಪ್ಪಿಗೆ ಎಷ್ಟು ಮಾರ್ಕು ಕಳೆಯಬೇಕೋ ಗೊತ್ತಿಲ್ಲ. ಅದನ್ನೇ ಬರೆಯಲು ಕುಳಿತಿದ್ದೇನೆ.

ನಾನು ಹುಟ್ಟಿದ್ದು ಭಟ್ಕಳದಲ್ಲಿ. ಓದಿದ್ದು ಕಾನ್ವೆಂಟಿನ ಬೋರ್ಡಿಂಗಿನಲ್ಲಿ. ಅಲ್ಲಿ ಒಬ್ಬರು ಸಿಸ್ಟರ್ ನಮ್ಮನ್ನು ಸಾಲಾಗಿ ತೋಟಕ್ಕೆ ಕರೆದುಕೊಂಡು ಹೋಗಿ, ಒಂದು ದಾಸವಾಳದ ಮುಂದೆ ನಿಲ್ಲಿಸಿ, “ಅಬ್ಸರ್ವ್, ಗರ್ಲ್ಸ್, ಅಬ್ಸರ್ವ್” ಎನ್ನುತ್ತಿದ್ದರು. ಹತ್ತು ನಿಮಿಷ ಯಾರೂ ಬಾಯಿ ಬಿಡುವಂತಿರಲಿಲ್ಲ. ನನ್ನ ಇಂಗ್ಲಿಷು, ನನ್ನ ಶಿಸ್ತು, ಮೂಢನಂಬಿಕೆ ಕಂಡರೆ ಮೂಗು ಮುರಿಯುವ ಬುದ್ಧಿ, ಮೂರೂ ಅಲ್ಲಿಂದಲೇ ಬಂದವು. ಮದುವೆಯಾಗಿ ಕುಮಟೆಗೆ ಬಂದೆ. ನಮ್ಮ ಮನೆಯವರು ಬ್ಯಾಂಕಿನಲ್ಲಿದ್ದರು, ಈಗ ರಿಟೈರ್ಡ್. ನಮ್ಮದು ಪೇಟೆಯ ಮನೆ. ಎದುರಿಗೆ ಝೆರಾಕ್ಸ್ ಅಂಗಡಿ, ಹಿಂದೆ ಒಂದು ನುಗ್ಗೆ ಮರ, ಅಷ್ಟೇ. ಆದರೆ ಇವರ ತಂದೆಯ ಕಾಲದಿಂದ ಗಜನಿಯಲ್ಲಿ ಒಂದು ಪಾಲು ಉಳಿದುಕೊಂಡಿತ್ತು.

ಗಜನಿ ಎಂದರೆ, ಅಘನಾಶಿನಿ ಹೊಳೆ ಕಡಲಿಗೆ ಸೇರುವ ಮೊದಲು ಕೈಕಾಲು ಚಾಚಿ ಮಲಗುವ ಜಾಗದ ತಗ್ಗು ಗದ್ದೆ. ಭರತದ ಹೊತ್ತಿಗೆ ಉಪ್ಪುನೀರು ನುಗ್ಗುತ್ತದೆ, ಇಳಿತದಲ್ಲಿ ಹಿಂದೆ ಹೋಗುತ್ತದೆ. ಸುತ್ತ ಮಣ್ಣಿನ ಕಟ್ಟೆ, ಕಟ್ಟೆಯಲ್ಲಿ ಹಲಗೆಯ ಬಾಗಿಲು. ಅಂಥ ಕಡೆ ಬೇರೆ ಯಾವ ಭತ್ತವೂ ಬದುಕುವುದಿಲ್ಲ. ಕಗ್ಗ ಎಂಬ ಒಂದು ಜಾತಿ ಮಾತ್ರ ಬದುಕುತ್ತದೆ. ಆಳೆತ್ತರ ಬೆಳೆಯುತ್ತದೆ, ನಾಲ್ಕು ದಿನ ನೀರಲ್ಲಿ ಮುಳುಗಿದರೂ ಮತ್ತೆ ತಲೆ ಎತ್ತುತ್ತದೆ. ಮಳೆಗಾಲದ ಮೊದಲ ಮಳೆಗಳು ಉಪ್ಪು ತೊಳೆದ ಮೇಲೆ ಮೊಳಕೆ ಬರಿಸಿದ ಬೀಜ ಎರಚುತ್ತಾರೆ. ಗೊಬ್ಬರ ಇಲ್ಲ, ಔಷಧಿ ಇಲ್ಲ. ದೀಪಾವಳಿಯ ಹೊತ್ತಿಗೆ ಸೊಂಟದವರೆಗಿನ ನೀರಿನಲ್ಲಿ ನಿಂತು ತೆನೆಯನ್ನಷ್ಟೇ ಕೊಯ್ಯುತ್ತಾರೆ. ಉಳಿದ ಹುಲ್ಲು ಅಲ್ಲೇ ಕೊಳೆಯುತ್ತದೆ. ಆಮೇಲೆ ಬಾಗಿಲ ಹಲಗೆ ಎತ್ತಿದರೆ ಹೊಳೆಯ ಶೆಟ್ಲಿ, ಎಂದರೆ ಸೀಗಡಿ, ಮತ್ತು ಮೀನು ಒಳಗೆ ಬಂದು ಆ ಕೊಳೆತದ್ದನ್ನು ತಿಂದು ದಪ್ಪವಾಗುತ್ತವೆ. ಅವು ಹಾಕಿದ್ದು ಮುಂದಿನ ವರ್ಷದ ಭತ್ತಕ್ಕೆ ಗೊಬ್ಬರ. ನ್ಯೂಟ್ರಿಯೆಂಟ್ ಸೈಕಲ್ ಎಂದು ನಾನು ಬೋರ್ಡಿನ ಮೇಲೆ ಎಳೆಯುತ್ತಿದ್ದ ಚಕ್ರ ನಮ್ಮ ಮನೆಯಿಂದ ಅರ್ಧ ಗಂಟೆಯ ದಾರಿಯಲ್ಲಿ ತಾನೇ ತಾನಾಗಿ ತಿರುಗುತ್ತಿತ್ತು. ನಾನು ಒಂದು ಸಲವೂ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಲಿಲ್ಲ. ಸಿಲಬಸ್ಸಿನಲ್ಲಿ ಇದ್ದದ್ದು ಕೆರೆ, ಪಾಂಡ್ ಇಕೋಸಿಸ್ಟಮ್.

ನಮ್ಮ ಪಾಲನ್ನು ಮಾಡುತ್ತಿದ್ದವಳು ಗಜನಿಯ ದಂಡೆಯ ಮೇಲೇ ಮನೆ ಇರುವ ಒಬ್ಬ ಹೆಂಗಸು. ಮನೆಯಲ್ಲಿ ನಾವು ಅವಳಿಗೆ ಗದ್ದೆಯವಳು ಎಂದೇ ಹೇಳುತ್ತಿದ್ದೆವು. ನನಗಿಂತ ಆರೇಳು ವರ್ಷ ಚಿಕ್ಕವಳು, ಕಾಣಲು ಹಿರಿಯಳು. ನಮ್ಮ ಕಡೆ ಹೆಣ್ಣು ಟೀಚರಿಗೆ ಅಕ್ಕೋರು ಎನ್ನುತ್ತಾರೆ, ಅವಳಿಗೂ ನಾನು ಅಕ್ಕೋರೇ. ಅವಳ ಅತ್ತೆ, ಅತ್ತೆಯ ಅತ್ತೆ ಎಲ್ಲರೂ ಅದೇ ಗದ್ದೆಯ ಕೆಸರಿನಲ್ಲಿ ನಿಂತವರು. ಬೀಜ ಅವರದೇ ಮನೆಯದು. ಒಣಹುಲ್ಲನ್ನು ಹೆಣೆದು ಕಟ್ಟಿದ ಮುಡಿಯಲ್ಲಿ ಬೀಜ ತುಂಬಿ ಒಲೆಯ ಮೇಲಿನ ಅಟ್ಟಕ್ಕೆ ಏರಿಸಿಟ್ಟರೆ ಹೊಗೆಯಲ್ಲಿ ಕಪ್ಪಾಗಿ ಕೂತಿರುತ್ತಿತ್ತು. ಕಗ್ಗದ ಬೀಜ ಎರಡನೇ ಮಳೆಗಾಲಕ್ಕೆ ನಿಲ್ಲುವುದಿಲ್ಲ. ಈ ವರ್ಷದ್ದನ್ನು ಬರುವ ವರ್ಷ ಬಿತ್ತಲೇಬೇಕು. ಒಂದು ವರ್ಷ ತಪ್ಪಿತೋ, ಸರಪಳಿ ತುಂಡಾಯಿತು.

ಆ ಗಜನಿಯಲ್ಲಿ ಪಾಲು ಇರುವ ಮನೆಗಳು ಬಹಳ. ಒಂದೊಂದೇ ಮನೆ ಬೇಸಾಯ ಬಿಟ್ಟಿತು. ಕೊಯ್ಲಿಗೆ ಜನ ಸಿಗಲಿಲ್ಲ ಎಂದು ಕೆಲವರು, ಕಟ್ಟೆ ಒಡೆದರೆ ರಿಪೇರಿ ಯಾರು ಮಾಡಿಸುವುದು ಎಂದು ಕೆಲವರು. ಆಮೇಲೆ ಎಲ್ಲರೂ ಸೇರಿ ಇಡೀ ಗಜನಿಯನ್ನು ಶೆಟ್ಲಿ ಸಾಕುವವರಿಗೆ ಗುತ್ತಿಗೆಗೆ ಕೊಟ್ಟರು. ನಮ್ಮವರೂ ಸಹಿ ಹಾಕಿದರು. ಆದರೆ ನಮ್ಮ ಪಾಲು ಮೇಲ್ತುದಿಯಲ್ಲಿದ್ದು ಅದಕ್ಕೊಂದು ಒಳಕಟ್ಟೆ ಬೇರೆಯೇ ಇದ್ದ ಕಾರಣ, ಗುತ್ತಿಗೆಯವರು ಅಷ್ಟು ಜಾಗ ಬಿಟ್ಟುಬಿಟ್ಟರು. ಪಕ್ಕದ ಎರಡು ಪಾಲಿನವರೂ ಮೊನ್ನೆಮೊನ್ನೆಯವರೆಗೆ ಬಿತ್ತುತ್ತಿದ್ದರು. ಹೋದ ವರ್ಷ ಅವರೂ ಕೈಬಿಟ್ಟರು.

ಗದ್ದೆಯವಳು ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ನಮ್ಮ ಮನೆಗೆ ಬಂದಳು. ಕೈಯಲ್ಲಿ ಒಂದು ಹಲಸಿನ ಹಣ್ಣಿನ ತುಂಡು.

“ಅಕ್ಕೋರೆ, ಈ ಸಲ ಬಿತ್ತೂದಿಲ್ಲ ನಾ,” ಎಂದಳು.

“ಎಂತಕ್ಕೆ? ಬೀಜ ಇಲ್ವಾ?”

“ಬೀಜ ಒಂದು ಮುಡಿ ಅದೆ. ಆದ್ರೆ ಒಬ್ಬಳೇ ಬಿತ್ತೂಕಾಗ.”

“ಯಾಕೆ ಆಗೂದಿಲ್ಲ?”

“ಒಬ್ರೇ ಬಿತ್ತೂಕಾಗ ಅಂದ್ರೆ ಆಗ. ನಮ್ಮತ್ತೆ ಹೇಳ್ತಿತ್ತು. ಗಜನಿ ಬಿತ್ತೂದು ಎಲ್ಲರೂ ಒಂದೇ ದಿವ್ಸ. ಬಾಗಿಲಿಗೆ ಕಾಯಿ ಒಡದು, ಆ ತುದಿಯವ್ರು ಹೂ ಅಂತ ಕೂಗಿದ್ಮೇಲೇ ಈ ತುದಿಯವ್ರು ಎರಚೂದು. ಒಂದಿನ ಮುಂಚೆ ಯಾರಾರು ಬೀಜ ಹಾಕಿದ್ರೆ ಊರವ್ರೆಲ್ಲ ಬೈತಿದ್ರು.”

“ಕಾರಣ?”

ಅವಳು ನನ್ನನ್ನು ನೋಡಿದಳು. “ಕಾರಣ ಕೇಳಿದ್ರೆ ನಮ್ಮತ್ತೆ ಹೊಡೀತಿತ್ತು, ಅಕ್ಕೋರೆ. ನೀವು ಹೊಡೀತಿದ್ರಲ್ಲಾ ಶಾಲೆಲಿ, ಹಂಗೆ.”

ನಮ್ಮವರು ಒಳಗಿನಿಂದ ನಕ್ಕದ್ದು ಕೇಳಿಸಿತು.

ನನಗೆ ಮುಡಿಯ ವಿಚಾರ ತಲೆಯಲ್ಲಿ ಕೂತುಬಿಟ್ಟಿತು. ಬೇರೆ ಗಜನಿಗಳಲ್ಲಿ ಎಲ್ಲಾದರೂ ಕಗ್ಗ ಇರಬಹುದು, ಇದೆ ಎಂದೂ ಕೇಳಿದ್ದೇನೆ. ಆದರೆ ಈ ಗಜನಿಯ ಉಪ್ಪಿಗೆ, ಈ ಬಾಗಿಲಿನ ನೀರಿಗೆ ಒಗ್ಗಿಕೊಂಡು ಬಂದ ಬೀಜ ಅದೊಂದು ಮುಡಿ ಮಾತ್ರ. ಅಡಾಪ್ಟೇಶನ್ ಎಂದು ನಾನೇ ಎಷ್ಟು ಸಲ ವಿವರಿಸಿಲ್ಲ. ಒಂಟೆಯ ಡುಬ್ಬ, ಕಮಲದ ಎಲೆ. ಇದು ನಮ್ಮ ಬಾಗಿಲಲ್ಲೇ ಇತ್ತು, ಈ ಮಳೆಗಾಲ ಹೋದರೆ ಮುಗಿಯಿತು.

ಆದ್ದರಿಂದ ಮೊದಲು ನಾನು ಪಾಲುದಾರರ ಮೀಟಿಂಗಿಗೆ ಹೋದೆ. ವರ್ಷಕ್ಕೊಮ್ಮೆ ಗುತ್ತಿಗೆಯ ಕಾಗದಕ್ಕೆ ಸಹಿ ಹಾಕಲು ಎಲ್ಲರೂ ಸೇರುತ್ತಾರೆ. ಕೂತವರಲ್ಲಿ ಅರ್ಧಕ್ಕರ್ಧ ಜನ ನನ್ನ ಹಳೇ ವಿದ್ಯಾರ್ಥಿಗಳು. ಒಬ್ಬ ಲೆಕ್ಚರರ್, ಒಬ್ಬಳು ನರ್ಸ್, ಇಬ್ಬರು ಪೋಸ್ಟಿನಲ್ಲಿ. ಕಮಿಟಿಯ ಅಧ್ಯಕ್ಷ ಇಂಜಿನಿಯರು, ಒಂಬತ್ತನೇ ಕ್ಲಾಸಿನಲ್ಲಿ ಮೊದಲ ಬೆಂಚಿನ ಹುಡುಗ. ಎಲ್ಲರೂ ಎದ್ದು ನಿಂತು ನನಗೆ ಫ್ಯಾನಿನ ಕೆಳಗೆ ಕುರ್ಚಿ ಕೊಟ್ಟರು.

ನಾನು ಹೇಳಿದೆ: ಈ ಒಂದು ವರ್ಷ ಎಲ್ಲರೂ ಮಳೆಗಾಲಕ್ಕೆ ಕಗ್ಗ ಬಿತ್ತೋಣ. ಶೆಟ್ಲಿ ಆಮೇಲೆ ಹೇಗೂ ಬರುತ್ತದೆ, ಮೊದಲೂ ಬರುತ್ತಿತ್ತು. ಭತ್ತದ ಹುಲ್ಲೇ ಅದಕ್ಕೆ ಆಹಾರ. ಇದೊಂದು ಸಿಸ್ಟಮ್. ಒಂದನ್ನು ತೆಗೆದರೆ ಇನ್ನೊಂದು ಉಳಿಯುವುದಿಲ್ಲ.

ಅಧ್ಯಕ್ಷ ತಲೆ ಆಡಿಸಿದ. “ಟೀಚರ್, ನಂಗೆ ಇನ್ನೂ ಬಾಯಿಪಾಠ ಇದೆ. ಜೀವಿಗಳು ಮತ್ತು ಅವುಗಳ ಸುತ್ತಲಿನ ನಿರ್ಜೀವ ಪರಿಸರ ಪರಸ್ಪರ ಕ್ರಿಯೆ ನಡೆಸುವ ಘಟಕವೇ ಪರಿಸರ ವ್ಯವಸ್ಥೆ. ಎರಡು ಮಾರ್ಕು.”

ಎಲ್ಲರೂ ನಕ್ಕರು, ನಾನೂ ನಕ್ಕೆ.

“ಈಗ ಆ ಘಟಕಕ್ಕೆ ಎಂತ ಆಗಿದೆ ನೋಡ್ತಿದ್ದೀಯಲ್ಲೋ,” ಎಂದೆ.

“ನೋಡ್ತಿದ್ದೇನೆ ಟೀಚರ್. ಆದ್ರೆ ಬಿತ್ತೂಕೆ ಯಾರು ಬರ್ತಾರೆ ಹೇಳಿ. ನಂಗೇ ರಜೆ ಸಿಗೂದಿಲ್ಲ.”

ಒಂದು ಮೂಲೆಯಿಂದ ಯಾರೋ ಹಿರಿಯರು, “ಅಕ್ಕೋರಿಗೆ ಪೆನ್ಶನ್ ಬರ್ತದೆ, ಗದ್ದೆ ನೆನಪಾಗ್ತದೆ. ನಮಗೆ ಗದ್ದೆ ನೆನಪಾದ್ರೆ ಸೊಂಟ ನೋಯ್ತದೆ,” ಎಂದರು. ಅದರಲ್ಲೂ ಸುಳ್ಳಿರಲಿಲ್ಲ. ಅವರ ಬೆನ್ನು ಬಾಗಿದ್ದು ಆ ಕೆಸರಿನಲ್ಲೇ. ಕಾಗದ ಕೈಯಿಂದ ಕೈಗೆ ಹೋಯಿತು. ಆಮೇಲೆ ಚಾ ಬಂತು, ಎಲ್ಲರೂ ನನ್ನ ಮೊಣಕಾಲಿನ ವಿಚಾರ ಕೇಳಿದರು. ಗೌರವ ಕೊಡುವವರೆದುರು ಜಗಳ ಆಡುವುದು ಹೇಗೆಂದು ನನಗೆ ಯಾರೂ ಕಲಿಸಿಲ್ಲ.

ಮೀಟಿಂಗಿನಿಂದ ನೇರ ಗದ್ದೆಯವಳ ಮನೆಗೆ ಹೋದೆ. ಅವಳು ಅಂಗಳದಲ್ಲಿ ಹೊಳೆಯಿಂದ ಆಯ್ದು ತಂದ ಬಳಚಿನ ಚಿಪ್ಪು ಒಡೆದು ಮಾಂಸ ತೆಗೆಯುತ್ತ ಕೂತಿದ್ದಳು.

“ನಮ್ಮ ಪಾಲು ನಾವು ಬಿತ್ತೋಣ. ಯಾರಿಗೆ ಬೇಡವೋ ಅವರು ಬಿಡಲಿ. ನಾನೂ ಬಂದು ನಿಲ್ತೇನೆ,” ಎಂದೆ.

“ಒಬ್ಬಳೇ ಬಿತ್ತೂಕಾಗ ಅಂತ ಹೇಳಿದ್ನಲ್ಲಾ.”

“ಅದೆಲ್ಲ ಹಳೇ ಕಾಲದ್ದು ಮಾರಾಯ್ತಿ. ಸೂಪರ್‌ಸ್ಟಿಶನ್. ಬೀಜಕ್ಕೆ ಗೊತ್ತಾಗ್ತದಾ ಪಕ್ಕದ ಗದ್ದೆ ಖಾಲಿ ಇದೆ ಅಂತ? ಮಣ್ಣಿದೆ, ಮಳೆ ಇದೆ, ಬಿಸಿಲಿದೆ. ಮತ್ತೆಂತ ಬೇಕು? ಒಂದು ಮುಡಿ ಹಾಕಿದ್ರೆ ಎರಡಾದ್ರೂ ಬಂದೇ ಬರ್ತದೆ. ಮುಂದಿನ ವರ್ಷಕ್ಕೆ ಬೀಜ ಆಯ್ತಲ್ಲ.”

ಅವಳು ಬುಟ್ಟಿಯಲ್ಲಿ ಉಳಿದ ಚಿಪ್ಪುಗಳನ್ನು ಒಡೆದು ಮುಗಿಸಿದಳು. ಆಮೇಲೆ, “ನೀವು ಓದಿದವ್ರು,” ಎಂದಳು. “ನೀವು ಹೇಳಿದ್ರೆ ಆತು.”

ಆ ‘ಆತು’ ಈಗಲೂ ನನ್ನ ಕಿವಿಯಲ್ಲಿದೆ.

ಸ್ವಲ್ಪ ಬೀಜ ಬೇರೆ ತೆಗೆದಿಟ್ಟು, ಮುಡಿಯನ್ನು ಹೊಳೆಯ ನೀರಿನಲ್ಲಿ ಅದ್ದಿ, ಹುಲ್ಲು ಮುಚ್ಚಿ, ಮೊಳಕೆ ಬರಿಸಿದಳು. ಮಳೆ ಹಿಡಿದ ಮೂರನೇ ವಾರ ಬಿತ್ತಿದೆವು. ಬಾಗಿಲಿಗೆ ಕಾಯಿ ಒಡೆಯೋಣ ಎಂದಳು. ಒಡೆದವಳು ಅವಳೇ, ಹೂ ಎಂದು ಕೂಗಿದವಳೂ ಅವಳೇ. ಆ ತುದಿಯಿಂದ ಉತ್ತರ ಬರಲಿಲ್ಲ. ಆ ತುದಿಯಲ್ಲಿ ಜೊಂಡು ಬೆಳೆದು ನಿಂತಿತ್ತು. ಹಿಂದೆ ಗದ್ದೆಗಳಿದ್ದಾಗ ಜೊಂಡಿಗೆ ಜಾಗವಿರಲಿಲ್ಲ. ಈಗ ಮಳೆಗಾಲವೆಲ್ಲ ಖಾಲಿ ಬಿದ್ದ ನೆಲ ಅದರದ್ದೇ. ಆ ಜೊಂಡಿನೊಳಗೆ ಎಂತ ಇದೆ ಎಂದು ನಾನು ನೋಡಲಿಲ್ಲ. ಅಬ್ಸರ್ವ್ ಮಾಡು ಎಂದು ಸಿಸ್ಟರ್ ಅಷ್ಟು ಹೇಳಿದ್ದರೂ.

ಹನ್ನೆರಡನೇ ದಿನ ಅವಳು ಫೋನ್ ಮಾಡಿದಳು. “ಅಕ್ಕೋರೆ, ಬಂದು ಕಾಣಿ.”

ಹಸಿರು ಸೂಜಿಯಂತೆ ಎದ್ದಿದ್ದ ಸಸಿಗಳನ್ನು ಯಾರೋ ಸಾಲು ಹಿಡಿದು ಕಿತ್ತ ಹಾಗಿತ್ತು. ಕಟ್ಟೆಯ ಮೇಲೆ ಕೊಡೆ ಹಿಡಿದು ನಿಂತಿದ್ದಾಗ ಕಂಡವು. ಜೊಂಡಿನಿಂದ ಹೊರಗೆ ಬಂದವು, ಜಂಬುಕೋಳಿಗಳು. ನೀಲಿ ಮೈ, ಕೆಂಪು ಕೊಕ್ಕು, ಉದ್ದುದ್ದ ಬೆರಳು. ದಿಬ್ಬಣದವರಂತೆ ನಿಧಾನವಾಗಿ ನಡೆದು ಬಂದು ಒಂದೊಂದೇ ಸಸಿ ಹಿಡಿದು ಎಳೆದು, ಬುಡದ ಬಿಳಿಯನ್ನಷ್ಟೇ ತಿಂದು, ಉಳಿದದ್ದನ್ನು ಎಸೆದವು. ಎಷ್ಟು ಚಂದದ ಹಕ್ಕಿ! ನಾನು ಮೊದಲು ಅದನ್ನೇ ಯೋಚಿಸಿದೆ, ಸುಳ್ಳು ಹೇಳುವುದಿಲ್ಲ.

“ಹಿಂದೆ ಇವು ಬರ್ತಿರ್ಲಿಲ್ವಾ?” ಎಂದು ಕೇಳಿದೆ.

“ಬರ್ತಿದ್ದೊ. ಅಲ್ಲಿ ನಾಕು, ಇಲ್ಲಿ ನಾಕು. ಯಾರ ಗದ್ದೆಲಿ ಎಷ್ಟು ತಿಂದೊ ಗೊತ್ತೇ ಆಗ್ತಿರ್ಲಿಲ್ಲ. ಈಗ ಊಟ ಬಡ್ಸಿದ್ದು ನಮ್ಮನೆ ಒಂದೇ ಅಲ್ರಾ. ಊರಿನ ನೆಂಟರೆಲ್ಲ ಇಲ್ಲೇ.”

ಅವಳು ಸಹಜವಾಗಿ ಹೇಳಿದಳು. ನನಗೆ ಮಾತ್ರ ಅದು ಮೊದಲೇ ಗೊತ್ತಿದ್ದ ಮಾತು ಅನ್ನಿಸಿತು.

ಯಾಕೆಂದರೆ ಈ ಪಾಠವನ್ನು ನಾನು ಮಾಡಿದ್ದೆ. ಬಹಳ ವರ್ಷದ ಹಿಂದೆ ಹೊನ್ನಾವರದ ಬೀಚಿಗೆ ಮಕ್ಕಳನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಿದ್ದೆ, ಕಡಲಾಮೆಯ ಮರಿಗಳು ಗೂಡಿನಿಂದ ಹೊರಗೆ ಬರುವುದನ್ನು ತೋರಿಸಲು. ಮರಳು ಕುದಿಯುವ ಹಾಗೆ ಅಲ್ಲಾಡಿ, ಒಂದರ ಹಿಂದೆ ಒಂದು, ಒಂದರ ಮೇಲೊಂದು, ಎಲ್ಲ ಒಟ್ಟಿಗೇ ಎದ್ದು ನೀರಿನ ಕಡೆ ಓಡಿದವು. ಒಬ್ಬಳು ಹುಡುಗಿ ಕೇಳಿದಳು, “ಟೀಚರ್, ಇವು ದಿನಕ್ಕೆ ಒಂದೊಂದು ಬಂದ್ರೆ ಆರಾಮ ಅಲ್ವಾ? ನೂಕುನುಗ್ಗಲು ಎಂತಕ್ಕೆ?” ನಾನು ಎಷ್ಟು ಚೆನ್ನಾಗಿ ಉತ್ತರ ಕೊಟ್ಟಿದ್ದೆ! ದಿನಕ್ಕೊಂದು ಬಂದರೆ ದಿನಕ್ಕೊಂದನ್ನು ಕಾಗೆ ತಿನ್ನುತ್ತದೆ, ಒಂದೂ ಉಳಿಯುವುದಿಲ್ಲ. ಒಟ್ಟಿಗೇ ಬಂದರೆ ಕಾಗೆಯ ಹೊಟ್ಟೆ ತುಂಬುತ್ತದೆ, ನಾಯಿಯ ಹೊಟ್ಟೆ ತುಂಬುತ್ತದೆ, ಏಡಿಯ ಹೊಟ್ಟೆ ತುಂಬುತ್ತದೆ, ಉಳಿದವು ಕಡಲಿಗೆ ಸೇರುತ್ತವೆ. ತಿನ್ನುವವರನ್ನು ಸೋಲಿಸುವುದು ಹಾಗೆ. ಸೇಫ್ಟಿ ಇನ್ ನಂಬರ್ಸ್, ಚಿಲ್ಡ್ರನ್. ಎಲ್ಲರೂ ನೋಟ್ಸ್ ಬರೆದುಕೊಂಡರು.

ಗದ್ದೆಯವಳ ಅತ್ತೆ ಹೊಡೆದು ಕಲಿಸಿದ್ದು ಅದನ್ನೇ. ಎಲ್ಲರೂ ಒಂದೇ ದಿನ ಬಿತ್ತಬೇಕು. ಕಾರಣ ಅವಳಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಆದರೆ ನಾನದನ್ನು ಆಮೆಗೆ ಮಾತ್ರ ಎಂದು ತಿಳಿದಿದ್ದೆ.

ಹೇಳಿಬಿಡಬೇಕು ಅನ್ನಿಸಿತು, ಅಲ್ಲೇ ಕಟ್ಟೆಯ ಮೇಲೆ. “ತಪ್ಪು ನನ್ನದು” ಎಂದು ಶುರು ಮಾಡಿದೆ. ಅವಳು ಕೇಳಿಸಿಕೊಳ್ಳಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಹೋ ಹೋ ಎಂದು ಕೂಗುತ್ತ ನೀರಿಗೆ ಇಳಿದಿದ್ದಳು. ಹಕ್ಕಿಗಳು ಹತ್ತು ಹೆಜ್ಜೆ ಹಿಂದೆ ಸರಿದವು. ಅವಳು ಮೇಲೆ ಬಂದಳು. ಅವು ಹತ್ತು ಹೆಜ್ಜೆ ಮುಂದೆ ಬಂದವು.

ಆಮೇಲೆ ನಾವು ಏನೇನು ಮಾಡಿದೆವು ಎಂದು ನೆನೆಸಿಕೊಂಡರೆ ನಗೆಯೂ ಬರುತ್ತದೆ. ಉಳಿಸಿಟ್ಟಿದ್ದ ಸ್ವಲ್ಪ ಬೀಜವನ್ನು ಬೋಳಾದ ಕಡೆ ಮತ್ತೆ ಎರಚಿದೆವು. ತಗಡಿನ ಡಬ್ಬ ಕಟ್ಟಿದೆವು. ಕ್ಲಾಸಿನಲ್ಲಿ ಮಕ್ಕಳಿಗೆ ಪಾಠ ಕೇಳಿಸುತ್ತಿದ್ದ ನನ್ನ ಹಳೇ ಕ್ಯಾಸೆಟ್ಟುಗಳ ರೀಲನ್ನು ಎಳೆದು ಗದ್ದೆಗೆ ಅಡ್ಡಡ್ಡ ಕಟ್ಟಿದೆವು. ಗಾಳಿಗೆ ಅದು ಗುಂಯ್ ಎನ್ನುತ್ತಿತ್ತು. ನಮ್ಮವರ ಬ್ಯಾಂಕಿನ ಸಫಾರಿ ಸೂಟಿಗೆ ಹುಲ್ಲು ತುಂಬಿ ನಡುವೆ ನಿಲ್ಲಿಸಿದೆವು. ಎರಡು ದಿನ ಹೆದರಿದವು. ಮೂರನೇ ದಿನ ಒಂದು ಹಕ್ಕಿ ಅದರ ಹೆಗಲ ಮೇಲೆ ಕೂತು ಗರಿ ಒಣಗಿಸಿಕೊಂಡಿತು.

“ಸಾಹೇಬ್ರು ಬ್ಯಾಂಕಿನಲ್ಲೂ ಹೀಂಗೇ ಇದ್ರೇನ್ರಾ?” ಎಂದು ಗದ್ದೆಯವಳು ಕೇಳಿದಳು. “ಯಾರು ಬೇಕಾರು ಹೆಗಲ ಮೇಲೆ ಕೂರೂದು?”

“ಮೂವತ್ತು ವರ್ಷ,” ಎಂದರು ನಮ್ಮವರು.

ಹಾಗೂ ಹೀಗೂ ಅರ್ಧ ಗದ್ದೆ ಉಳಿದು ಎತ್ತರವಾಯಿತು. ಸಸಿ ಬಲಿತ ಮೇಲೆ ಜಂಬುಕೋಳಿ ಅಷ್ಟಾಗಿ ಬರಲಿಲ್ಲ. ಚೌತಿ ಕಳೆಯಿತು. ಇಡಗುಂಜಿಯ ಗಣಪತಿ ದೇವಸ್ಥಾನಕ್ಕೆ ಹೋಗಿ ಬಂದ ಗದ್ದೆಯವಳು ಪ್ರಸಾದದ ಹೂವನ್ನು ಗದ್ದೆಯ ಮೂಲೆಗೆ ಸಿಕ್ಕಿಸಿದಳು. ಸೂಪರ್‌ಸ್ಟಿಶನ್ ಎಂಬ ಶಬ್ದವನ್ನು ಆ ಹೊತ್ತಿಗೆ ನಾನು ಬಿಟ್ಟಾಗಿತ್ತು. ತೆನೆ ಹೊರಟಾಗ ಇಬ್ಬರೂ ಎಷ್ಟು ಖುಷಿಪಟ್ಟೆವು ಎಂದರೆ, ಅವಳು ಒಂದು ತೆನೆ ಬಾಗಿಸಿ ನನ್ನ ಕೆನ್ನೆಗೆ ತಾಗಿಸಿದಳು. ಅದರ ಮೀಸೆ ಚುಚ್ಚಿತು.

ಕಾಳಿನಲ್ಲಿ ಹಾಲು ಕಟ್ಟಿದ ವಾರ ರಾಟವಾಳಗಳು ಬಂದವು. ಹೆಬ್ಬೆರಳಿನಷ್ಟು ಹಕ್ಕಿ, ಆದರೆ ಒಂದು ಗುಂಪು ಇಳಿದರೆ ತೆನೆಗಳೆಲ್ಲ ಒಟ್ಟಿಗೆ ತೂಗುತ್ತವೆ. ಅವುಗಳ ಹಿಂದೆ ಗೀಜಗ, ಬೆಳಗಿನ ಹೊತ್ತು ಗಿಳಿಗಳು. ಹೊಳೆಯ ಆಚೆ ದಡದಿಂದಲೂ ಬರುವುದು ಕಾಣುತ್ತಿತ್ತು. ಇಡೀ ಹೊಳೆಯ ಅಂಚಿನಲ್ಲಿ ಹಾಲುಗಾಳು ಇದ್ದದ್ದು ಅದೊಂದೇ ತುಂಡಿನಲ್ಲಿ. ಅವುಗಳ ತಪ್ಪೇನು? ಹಸಿದವರು ಅನ್ನ ಇದ್ದ ಕಡೆ ಬರುತ್ತಾರೆ. ಬಾಣ ತಿನ್ನುವವರ ಕಡೆಗೇ ಹೋಗುವುದು.

ಭಟ್ಕಳದಲ್ಲಿ ನನ್ನ ತಮ್ಮ ಇದ್ದಾನೆ. ಅವನಿಗೆ ಹೇಳಿ ಅಲ್ಲೇ ಹತ್ತಿರದ ಬೆಳಕೆಯ ಮೀನುಗಾರರ ಹಳೇ ಬಲೆಗಳನ್ನು ತರಿಸಿದೆ. ಮೀನಿನ ವಾಸನೆಯ ಬಲೆಯ ಗಂಟು ಟೆಂಪೋದಲ್ಲಿ ನಮ್ಮ ಮನೆಯ ಮುಂದೆ ಇಳಿದಾಗ ಝೆರಾಕ್ಸ್ ಅಂಗಡಿಯವನು, “ಟೀಚರ್ ದೋಣಿ ಯಾವಾಗ ಬಿಡೂದು?” ಎಂದ. ಅದನ್ನು ಹರಿದ ಕಡೆ ಹೊಲಿದು, ಕೋಲು ನೆಟ್ಟು, ಗದ್ದೆಯ ಒಂದು ಮೂಲೆಗೆ ಹೊದೆಸಿದೆವು. ಬೀಜದಷ್ಟಾದರೂ ಉಳಿಯಲಿ ಎಂಬ ಆಸೆ.

ಎರಡು ದಿನ ಉಳಿಯಿತು. ಮೂರನೇ ಬೆಳಿಗ್ಗೆ ನಾನು ಹೋದಾಗ ಬಲೆಯ ಕೆಳ ಅಂಚಿನಲ್ಲಿ ಒಂದು ಜಂಬುಕೋಳಿ ಸಿಕ್ಕಿಕೊಂಡಿತ್ತು. ಹೇಗೆ ಬಂತೋ. ಒಂದು ಕಾಲು ಬಲೆಯೊಳಗೆ, ರೆಕ್ಕೆ ನೀರಿನಲ್ಲಿ. ಒದ್ದಾಡಿ ಒದ್ದಾಡಿ ದಾರ ಕಾಲಿನ ಮಾಂಸಕ್ಕೆ ಇಳಿದಿತ್ತು. ಕೊಕ್ಕು ತೆರೆದೇ ಇತ್ತು, ಆದರೆ ಸದ್ದು ಇಲ್ಲ. ಕಣ್ಣು ನನ್ನ ಮೇಲೆ. ಗದ್ದೆಯವಳು ಇನ್ನೂ ಬಂದಿರಲಿಲ್ಲ. ನಾನು ಮೊಣಕಾಲಿನವರೆಗೆ ನೀರಿಗೆ ಇಳಿದು, ಬ್ಯಾಗಿನಲ್ಲಿದ್ದ ಸಣ್ಣ ಕತ್ತರಿಯಿಂದ ದಾರ ಕತ್ತರಿಸಿದೆ. ಒಂದು ಕತ್ತರಿಸಿದರೆ ಇನ್ನೊಂದು ಬಿಗಿಯುತ್ತಿತ್ತು. ಬಿಡಿಸುವ ಹೊತ್ತಿಗೆ ಬಲೆಯಲ್ಲಿ ಕಿಟಕಿಯಷ್ಟು ತೂತು. ಹಕ್ಕಿ ಕುಂಟುತ್ತ ಜೊಂಡಿನೊಳಗೆ ಹೋಯಿತು. ಆ ತೂತಿನ ಒಳಗೆ, ನಾನು ನೋಡುತ್ತಿದ್ದಂತೆಯೇ, ರಾಟವಾಳಗಳು ಇಳಿದವು.

ಗದ್ದೆಯವಳು ಬಂದು ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

“ನಿಮ್ಗೆ ಹಕ್ಕಿನೂ ಬೇಕು, ಭತ್ತಾನೂ ಬೇಕು,” ಎಂದಳು.

“ಹೌದು,” ಎಂದೆ. “ಎರಡೂ ಇತ್ತಲ್ಲ ಮೊದಲು.”

“ಇತ್ತು. ಊರೂ ಇತ್ತಲ್ರಾ ಆವಾಗ.”

ಕೊಯ್ಲು ಅರ್ಧ ದಿನದಲ್ಲಿ ಮುಗಿಯಿತು. ಅವಳು ನೀರಿನಲ್ಲಿ ಹೋಗಿ ಹೋಗಿ ತೆನೆ ಹುಡುಕಿ ಕೊಯ್ದಳು. ನಾನು ಕಟ್ಟೆಯ ಮೇಲೆ ಬುಟ್ಟಿ ಹಿಡಿದು ಕೂತಿದ್ದೆ. ತೆನೆಗಳು ನೆಟ್ಟಗೆ ನಿಂತಿದ್ದವು. ಕಾಳಿದ್ದರೆ ಬಾಗಬೇಕಿತ್ತು. ಅಂಗಳದಲ್ಲಿ ಬಡಿದು ಮೊರದಲ್ಲಿ ಕೇರಿದಾಗ ಮೊದಲ ಬೀಸಿಗೇ ಮುಕ್ಕಾಲು ಹಾರಿಹೋಯಿತು. ಅವಳು ಮತ್ತೆ ಕೇರಿದಳು, ಮತ್ತೆ ಹಾರಿತು. ಕೊನೆಗೆ ಉಳಿದದ್ದು ಒಂದು ಬಿಸ್ಕಿಟ್ ಡಬ್ಬಿಯ ಅರ್ಧ.

“ಇದಕ್ಕೆ ಮುಡಿ ಕಟ್ಟೂಕಾಗ,” ಎಂದಳು. “ಮುಡಿ ಒಳಗೆ ಇದು ಎಲ್ಲೋ ಹೋಗ್ತದೆ. ಡಬ್ಬಿ ನೀವೇ ಇಟ್ಕಳಿ ಅಕ್ಕೋರೆ.”

“ಮುಂದಿನ ವರ್ಷಕ್ಕೆ ಇದನ್ನೇ...”

“ಮುಂದಿನ ವರ್ಷನೂ ಒಬ್ಬಳೇ ಬಿತ್ತೂದಾ?”

ಆಗಲೇ ನಾನು ಆಮೆಯ ವಿಚಾರ ಅವಳಿಗೆ ಹೇಳಿದ್ದು. ಎಲ್ಲ ಹೇಳಿದೆ. ಮರಿಗಳು, ಕಾಗೆ, ನನ್ನ ಉತ್ತರ, ಮಕ್ಕಳ ನೋಟ್ಸು. ನಿನ್ನ ಅತ್ತೆ ಹೇಳಿದ್ದು ಸರಿ ಇತ್ತು, ನನಗೆ ಗೊತ್ತಿದ್ದೂ ಗೊತ್ತಾಗಲಿಲ್ಲ ಎಂದೆ. ಅವಳು ಮೊರವನ್ನು ಗೋಡೆಗೆ ಒರಗಿಸಿ ಕೇಳಿಸಿಕೊಂಡಳು.

“ಹಂಗಾರೆ ಅದ್ಕೇ ಹೇಳ್ತಿತ್ತಾ ಮುದುಕಿ,” ಎಂದಳು. “ಅದು ಕಾರಣ ಹೇಳಿದ್ದಿದ್ರೆ ನಾ ನಿಮ್ಮ ಮಾತು ಕೇಳ್ತಿರ್ಲಿಲ್ಲ.” ಅಷ್ಟೇ. ಒಳಗೆ ಹೋಗಿ ಚಾ ಇಟ್ಟಳು.

ಈ ವರ್ಷ ಮತ್ತೆ ಮೀಟಿಂಗ್ ಆಯಿತು. ನಾನು ಹೋಗಿ ಅದೇ ಫ್ಯಾನಿನ ಕೆಳಗೆ ಕೂತೆ. ಆಮೆಯ ಕಥೆಯನ್ನೇ ಹೇಳಿದೆ, ಮನಸ್ಸು ಬಿಚ್ಚಿ ಹೇಳಿದೆ. ಲೆಕ್ಚರರ್ ಆಗಿರುವವನಿಗೆ ಕಣ್ಣು ಒದ್ದೆಯಾಯಿತು. “ಬ್ಯೂಟಿಫುಲ್, ಟೀಚರ್,” ಎಂದ. ಕಾಗದ ಅವನ ಹತ್ತಿರ ಬಂದಾಗ ಸಹಿ ಹಾಕಿ ನನ್ನ ಕಡೆ ಚಾಚಿದ. ನಮ್ಮವರಿಗೆ ಕೈ ನಡುಗುತ್ತದೆ, ಈಗ ಅವರ ಪರವಾಗಿ ಸಹಿ ನಾನೇ ಹಾಕುವುದು. ಹಾಕಿದೆ. ಒಬ್ಬಳೇ ಬೇರೆಯಾಗಿ ನಿಂತರೆ ಏನಾಗುತ್ತದೆ ಎಂದು ನಾನು ಕಲಿತಾಗಿತ್ತು. ಅಥವಾ ಅದೊಂದು ನೆಪವೋ. ನನಗೇ ತಿಳಿಯುವುದಿಲ್ಲ.

ಡಬ್ಬಿ ನಮ್ಮ ಅಡುಗೆಮನೆಯ ಶೆಲ್ಫಿನಲ್ಲಿದೆ. ಮಳೆಗಾಲ ಶುರುವಾದ ಮೇಲೆ ವಾರಕ್ಕೊಮ್ಮೆ ಹತ್ತು ಕಾಳು ತೆಗೆದು ಒದ್ದೆ ಹತ್ತಿಯ ಮೇಲೆ ಇಡುತ್ತೇನೆ. ಏಳನೇ ಕ್ಲಾಸಿನ ಪ್ರಯೋಗ, ಜರ್ಮಿನೇಶನ್ ಟೆಸ್ಟ್. ಮೊದಲ ವಾರ ಏಳು ಮೊಳೆತವು. ಆಮೇಲೆ ಆರು. ಬಿತ್ತನೆಯ ಹೊತ್ತು ಬಂತು, ಹೋಯಿತು. ಆಮೇಲೆ ಮೂರು.

ಮೂರು ಮೊಳೆತ ದಿನ ಗದ್ದೆಯವಳು ಬಂದಿದ್ದಳು. ಈಗ ಅವಳು ಶೆಟ್ಲಿಯವರ ಹತ್ತಿರ ಕೂಲಿಗೆ ಹೋಗುತ್ತಾಳೆ, ಅದೇ ಗಜನಿಯಲ್ಲಿ. ಸಂತೆಗೆ ಬಂದವಳು ಚಾಕ್ಕೆ ನಮ್ಮಲ್ಲಿ ಕೂರುತ್ತಾಳೆ. ಹತ್ತಿ ತೋರಿಸಿದೆ. ಬಿಳಿ ಬೇರು ಉಗುರಿನಷ್ಟು ಬಂದಿತ್ತು. ಅವಳು ಮೂರನ್ನೂ ಬೆರಳ ತುದಿಯಲ್ಲಿ ಎತ್ತಿ ಅಂಗೈಯಲ್ಲಿ ಇಟ್ಟುಕೊಂಡಳು.

“ಹಿಂದಿನ ವಾರದ್ದು ಎಂತ ಮಾಡಿದ್ರಿ?”

“ನುಗ್ಗೆ ಮರದ ಬುಡಕ್ಕೆ ಹಾಕಿದೆ. ಸಿಹಿನೀರು, ನೆರಳು. ಹಳದಿಯಾಗಿ ಹೋಯ್ತು.”

“ಇವಕ್ಕೆ ಜೀವ ಬಂದಾತು. ಇನ್ನು ಇಡೂಕಾಗ,” ಎಂದು ಸಂತೆಯ ಚೀಲದಿಂದ ಬಾಳೆ ಎಲೆಯ ತುಂಡು ತೆಗೆದು ಸುತ್ತಿಕೊಂಡಳು. “ಹೋಗ್ತಾ ಬಾಗಿಲ ಹತ್ರ ಕಟ್ಟೆ ಬುಡಕ್ಕೆ ಚುಚ್ತೆ.”

“ಉಳಿತದಾ?”

“ಮೂರು ಕಾಳಾ?” ಅವಳು ಚಾದ ಲೋಟ ತೊಳೆದು ಬೋರಲು ಇಟ್ಟಳು. “ತಿನ್ನೂಕೆ ಹಕ್ಕಿಗೂ ನಾಚ್ಕೆ ಆಗ್ಬೇಕು.”

ಬಸ್ಸಿನ ಹೊತ್ತಾಯಿತೆಂದು ಹೊರಟಳು. ಅದಾಗಿ ಐದು ಸಂತೆ ಕಳೆದವು. ಪ್ರತಿ ಸಲ ಬರುತ್ತಾಳೆ, ಚಾ ಕುಡಿಯುತ್ತಾಳೆ, ಬಳಚು ಸಿಕ್ಕಿದ್ದರೆ ಕೊಟ್ಟು ಹೋಗುತ್ತಾಳೆ. ಆ ಮೂರರ ವಿಚಾರ ಅವಳು ಹೇಳಿಲ್ಲ. ನಾನೂ ಕೇಳಿಲ್ಲ.